ಮರ್ಯಾದೆಗಾಗಿ ಹಡಗು ಹತ್ತಿದ್ದು

ನಮ್ಮ ಭಾವ ಹೊರೇಸ್ ಪಿಗ್ಗಟ್ ಹುಟ್ಟಿದಾರಭ್ಯ ಯಾವ ಕೆಲಸವನ್ನೂ ಇದ್ದಕ್ಕಿದ್ದಂತೆ ಮಾಡಿದವನಲ್ಲ. ಸೀನು ಬಂದರೂ ಕರವಸ್ತ್ರ ತೆಗೆದು, ಮಡಿಕೆ ಬಿಡಿಸಿ, ಸುತ್ತಮುತ್ತ ಯಾರಿದ್ದಾರೆಂದು ನೋಡಿಕೊಂಡು ಆಮೇಲೆ ಸೀನುವ ಮನುಷ್ಯ. ನಮ್ಮೂರಾದ ಸೆಲ್ಬಿಯ ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತ. ಅಂಥವನು ಜುಲೈ ತಿಂಗಳ ಒಂದು ಸಂಜೆ ಹಿತ್ತಲ ಬೇಲಿಯ ಹತ್ತಿರ ನಿಂತು ಆಡಿದ ಒಂದೇ ಒಂದು ಮಾತಿನಿಂದ ಐದು ಜನ ಹಾಲೆಂಡ್ ದೇಶದ ಕೆಸರಿನಲ್ಲಿ ಮಲಗಬೇಕಾಯಿತು. ಆ ಐವರಲ್ಲಿ ನಾನೂ ಒಬ್ಬ. ಆದ್ದರಿಂದ ಇದನ್ನು ನಿರ್ಲಿಪ್ತನಾಗಿ ಹೇಳುತ್ತೇನೆಂದು ಯಾರೂ ನಿರೀಕ್ಷಿಸಬಾರದು.

ಭಾವನ ಹೆಂಡತಿ ಐವಿ ನನ್ನ ಅಕ್ಕ. ಮದುವೆಯಾಗದ ತಮ್ಮನಾದ ನಾನು ಅವರ ಮಹಡಿಯ ಸಣ್ಣ ಕೋಣೆಯಲ್ಲಿದ್ದೇನೆ. ಸಣ್ಣ ಕೋಣೆಯವನಿಗೆ ಸ್ವಂತ ಅಭಿಪ್ರಾಯ ಇರುವುದಿಲ್ಲ. ಇದ್ದರೂ ಅದನ್ನು ಊಟದ ಮೇಜಿಗೆ ತರುವಂತಿಲ್ಲ.

ಪ್ರತಿ ವರ್ಷ ಜುಲೈ ಕೊನೆಯ ವಾರ ನಾವು ಬ್ರಿಡ್ಲಿಂಗ್ಟನ್ ಕಡಲತೀರದಲ್ಲಿ ಮಿಸೆಸ್ ಥ್ರಸೆಲ್ ನಡೆಸುವ ವಸತಿಮನೆಗೆ ಹೋಗುವುದು ವಾಡಿಕೆ. ಹತ್ತೊಂಬತ್ತು ವರ್ಷದಿಂದ ಅದೇ ಮನೆ, ಅದೇ ಮಹಡಿ, ಸಮುದ್ರ ಕಾಣುವ ಅದೇ ಕಿಟಕಿ. ಭಾವ ಅಲ್ಲಿಗೆ ಹೋಗುತ್ತಿದ್ದುದು ಅಲ್ಲಿನ ರೈಲುಗಳ ಸಮಯ ಗೊತ್ತಿದೆ ಎಂಬ ಕಾರಣಕ್ಕೆ. ಅಕ್ಕ ಹೋಗುತ್ತಿದ್ದುದು ತಿಂಡಿಗೆ. ವರ್ಷವಿಡೀ ಆರು ಗಂಟೆಗೆ ಎದ್ದು ನಮ್ಮಿಬ್ಬರಿಗೆ ಮೊಟ್ಟೆ, ಹಂದಿಮಾಂಸದ ಬೇಕನ್ನು, ಸುಟ್ಟ ರೊಟ್ಟಿ ಮಾಡಿಡುವವಳು ಆ ವಾರದ ಏಳು ಬೆಳಗ್ಗೆ ಮಾತ್ರ ಬೇರೆಯವರು ಮಾಡಿದ್ದನ್ನು ಕೂತು ತಿನ್ನುತ್ತಿದ್ದಳು. ತಟ್ಟೆ ತಾನಾಗಿ ಬರುತ್ತಿತ್ತು, ತಾನಾಗಿ ಹೋಗುತ್ತಿತ್ತು. ಕ್ರಿಸ್‌ಮಸ್ ಮುಗಿದ ಮರುದಿನದಿಂದಲೇ ಅವಳು ಆ ಏಳು ಬೆಳಗ್ಗೆಗಳ ಮಾತಾಡುತ್ತಿದ್ದಳು. "ಈ ಸಲ ಮೊಟ್ಟೆ ಸ್ವಲ್ಪ ಮೆತ್ತಗಿರ್ಲಿ ಅಂತ ಥ್ರಸೆಲ್‌ಗೆ ಹೇಳ್ಬೇಕು ಕಣೋ ಸಿರಿಲ್" ಎಂದು ಫೆಬ್ರವರಿಯ ಹಿಮದಲ್ಲಿ ನನಗೆ ಹೇಳಿದ್ದು ನೆನಪಿದೆ.

ಇನ್ನು ಬೇಲಿಯ ಮಾತು. ಆ ಸಂಜೆ ಪಕ್ಕದ ಮನೆಯ ಬೇಸಿಲ್ ಕ್ರೌಚ್ಲಿ ಬೇಲಿಯಾಚೆಯಿಂದ ಇಣುಕಿ, "ಏನ್ರೀ ಹೊರೇಸ್, ಈ ಸಲಾನೂ ಬ್ರಿಡ್ಲಿಂಗ್ಟನ್ನೇನಾ?" ಎಂದ.

ಆ 'ಈ ಸಲಾನೂ' ಭಾವನಿಗೆ ಎಲ್ಲೋ ಚುಚ್ಚಿತು. ನೀರು ಹಾಕುವ ಕ್ಯಾನನ್ನು ಕೆಳಗಿಟ್ಟು, ಎದೆಯನ್ನು ಆದಷ್ಟು ಮುಂದೆ ತಂದು, "ಏ, ಯಾರಿಗೆ ಬೇಕ್ರೀ ಆ ಬ್ರಿಡ್ಲಿಂಗ್ಟನ್ನು! ಈ ಸಲ ಕಾರಲ್ಲೊಂದು ಡೇರೆ ಹಾಕ್ಕೊಂಡು, ಹಡಗಿಗೆ ಕಾರು ಹತ್ತಿಸಿ, ಮನಸ್ಸು ಎತ್ತ ಹೇಳುತ್ತೋ ಅತ್ತ ಹೋಗ್ಬಿಡೋದು ಅಂತಿದೀನಿ. ಯಾವ ದೇಶವಾದ್ರೂ ಸರಿ" ಎಂದ.

"ಆಹಾ! ಎಂಥ ಚೆಂದ! ನಮಗೂ ಹೀಗೆ ಹೋಗೋಕಾಗಿದ್ರೆ!"

"ಅದಕ್ಕೇನು? ನೀವೂ ಬನ್ನಿ."

"ಬರೋಣ ಬರೋಣ. ಖಂಡಿತ."

ನಮ್ಮ ಬೀದಿಯಲ್ಲಿ ಇಂಥ ಮಾತಿಗೆ ಕಿಲುಬು ಕಾಸಿನ ಬೆಲೆಯೂ ಇಲ್ಲ. 'ನೀವೂ ಬನ್ನಿ' ಎಂದರೆ 'ನಮಸ್ಕಾರ' ಎಂದು ಅರ್ಥ, 'ಖಂಡಿತ' ಎಂದರೆ 'ಮನೆಗೆ ಹೋಗುತ್ತೇನೆ' ಎಂದು ಅರ್ಥ. ಇಬ್ಬರೂ ನಗುತ್ತ ಒಳಗೆ ಹೋಗಿ ಚಹಾ ಕುಡಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೇಸಿಲ್‌ನ ಹೆಂಡತಿ ಮ್ಯೂರಿಯಲ್ ಅಡುಗೆಮನೆಯ ಕಿಟಕಿಯಿಂದ ಇದೆಲ್ಲ ಕೇಳಿಸಿಕೊಂಡಿದ್ದಳು. ಆಕೆಗೆ ಗುಡಾರವೆಂದರೆ ಆಗದು, ಹಡಗೆಂದರೆ ಇನ್ನೂ ಆಗದು. ಹೀಗಿದ್ದೂ, ಕರೆದವರ ಮನಸ್ಸು ನೋಯಿಸುವುದೆಂದರೆ ಆಕೆಗೆ ಪ್ರಾಣಸಂಕಟ. ರಾತ್ರಿಯೇ ಗಂಡನನ್ನು ಒಪ್ಪಿಸಿ, ಮರುದಿನ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು, ಸಾವಿನ ಮನೆಗೆ ಬಂದವಳ ಮುಖದಲ್ಲಿ ನಗು ತಂದುಕೊಂಡು, "ಐವಿ, ಎಷ್ಟು ಒಳ್ಳೆಯವರು ನೀವು! ಬೇಸಿಲ್ ರಜಾ ಹಾಕಿಯೂ ಆಯ್ತು" ಎಂದಳು.

"ಯಾತಕ್ಕೆ ರಜಾ?" ಎಂದಳು ಅಕ್ಕ.

ಅಕ್ಕನಿಗೆ ತನ್ನ ರಜೆಯ ಸುದ್ದಿ ತಿಳಿದದ್ದು ಹೀಗೆ. ಹತ್ತಿರದ ಹಲ್ ಬಂದರಿನಿಂದ ಕಾರು ಹೊತ್ತ ಹಡಗು ಹೋಗುವುದು ಹಾಲೆಂಡ್‌ಗೆ ಎಂಬುದೂ ಆಗಲೇ ತಿಳಿಯಿತು.

ಸಂಜೆ ಭಾವ ಕೋಟು ಕಳಚುವ ಮೊದಲೇ ಅಕ್ಕ ಅವನ ಮುಂದೆ ನಿಂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. "ಹೊರೇಸ್, ನನಗೆ ಹಾಲೆಂಡ್ ಬೇಡ, ಚಂದ್ರಲೋಕ ಬೇಡ. ನನಗೆ ಏಳು ಬೆಳಗ್ಗೆ ಬೇಕು. ಅಷ್ಟೇ" ಎಂದಳು.

"ನಾಳೆನೇ ಹೋಗಿ ಬೇಸಿಲ್‌ಗೆ ಹೇಳ್ಬಿಡ್ತೀನಿ ಕಣೇ. ಒಂದು ಮಾತು, ಅಷ್ಟೇ ತಾನೆ?"

ಅವನು ಹೇಳುತ್ತಾನೋ ಇಲ್ಲವೋ ನೋಡಲು ಅಕ್ಕ ನನ್ನನ್ನು ಜೊತೆಗೆ ಕಳಿಸಿದಳು. ಆದದ್ದನ್ನು ನಾನು ಕಣ್ಣಾರೆ ಕಂಡೆ. ಬೇಸಿಲ್ ಬಾಗಿಲಲ್ಲೇ ನಿಂತಿದ್ದ. ಅವನ ಮುಖದಲ್ಲೂ ಏನೋ ಹೇಳಿಬಿಡಬೇಕೆಂಬ ಹಟ ಇತ್ತು.

"ಬೇಸಿಲ್, ನಾನ್ ಏನಂದೆ ಅಂದ್ರೆ, ನಿಮಗೆ ಈ ಪ್ರವಾಸದಿಂದ ತೊಂದರೆ ಆಗೋದಾದ್ರೆ..." ಎಂದ ಭಾವ.

"ನಮಗೆಂಥ ತೊಂದರೆ! ನಿಮಗೆ ನಮ್ಮಿಂದ ತೊಂದರೆ ಆಗೋದಾದ್ರೆ ಹೇಳಿ ಮತ್ತೆ."

"ನಮಗಾ? ಛೆ ಛೆ, ಏನ್ ಮಾತು ಅಂತ ಆಡ್ತೀರಿ!"

"ಅಲ್ಲ, ಸಂಕೋಚ ಇಲ್ದೆ ಹೇಳ್ಬೇಕು ನೀವು."

"ಸಂಕೋಚ ಎಂಥದು? ನೀವು ಬರದಿದ್ರೆ ನಮಗೇ ಬೇಜಾರು!"

ಇಬ್ಬರೂ ಕೈ ಕುಲುಕಿದರು. ವಾಪಸು ಬರುವಾಗ ಭಾವನ ಕಂಕುಳಲ್ಲಿ ಬೇಸಿಲ್ ಸ್ಕೌಟ್ ದಳದಿಂದ ಎರವಲು ತಂದಿದ್ದ ಡೇರೆಯ ಗಂಟಿತ್ತು. ಬಾಗಿಲು ತೆಗೆದ ಅಕ್ಕ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಆಲೂಗಡ್ಡೆ ಸುಲಿಯಲು ಕುಳಿತಳು. ಅಂದು ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು.

ಸುದ್ದಿ ಊರಿಗೆಲ್ಲ ಹಬ್ಬಿತು. ಒಂದು ವರ್ಷದ ತಾತ್ಕಾಲಿಕ ಪಾಸ್‌ಪೋರ್ಟಿಗೆಂದು ಅಂಚೆ ಕಚೇರಿಗೆ ಹೋದರೆ, ಕಿಂಡಿಯ ಹಿಂದಿನ ಮಿಸ್ ಗೌಲ್ಡಿಂಗ್ ಭಾವನ ಭಾವಚಿತ್ರವನ್ನೂ ಭಾವನನ್ನೂ ಬಹಳ ಹೊತ್ತು ಹೋಲಿಸಿ ನೋಡಿದಳು.

"ಎಲ್ಲಿಗೆ ಮಿಸ್ಟರ್ ಪಿಗ್ಗಟ್?"

"ಮನಸ್ಸು ಹೇಳಿದ ಕಡೆಗೆ."

"ಅದು ಯಾವ ದೇಶದಲ್ಲಿ ಬರುತ್ತೆ?"

"ಹಾಲೆಂಡ್‌ನಲ್ಲಿ" ಎಂದ ಭಾವ, ದನಿ ತಗ್ಗಿಸಿ.

"ಯಾಕೆ, ಬ್ರಿಡ್ಲಿಂಗ್ಟನ್‌ಗೆ ಏನಾಯ್ತು? ಮನೇಲಿ ಎಲ್ಲಾ ಸರಿ ಇದೆ ತಾನೆ?"

ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಮುದುಕಿ ಭಾವನ ತೋಳು ಸವರಿ, "ಧೈರ್ಯವಾಗಿರಪ್ಪ, ನನ್ನ ಗಂಡನಿಗೂ ಇದೇ ವಯಸ್ಸಲ್ಲಿ ಹಿಂಗೇ ಆಗಿತ್ತು" ಎಂದಳು. ಆ ಗಂಡ ಆಮೇಲೆ ಏನಾದನೆಂದು ಕೇಳುವ ಎದೆಗಾರಿಕೆ ನಮಗಿರಲಿಲ್ಲ.

ಭಾವ ಮಿಸೆಸ್ ಥ್ರಸೆಲ್‌ಗೆ ಫೋನು ಮಾಡಿ ಬರುವುದಿಲ್ಲವೆಂದ. ಸಮುದ್ರದ ಕಿಟಕಿಯ ಕೋಣೆಯನ್ನು ಐದೇ ನಿಮಿಷದಲ್ಲಿ ಲೀಡ್ಸ್‌ನ ಯಾರೋ ದಂತವೈದ್ಯರು ಹಿಡಿದರಂತೆ. ಅಕ್ಕ ಆ ದಂತವೈದ್ಯರ ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡಳು. ಯಾಕೆಂದು ಗೊತ್ತಿಲ್ಲ.

ಶನಿವಾರ ಹೊರಟೆವು. ನಮ್ಮ ಪುಟ್ಟ ಕಾರು, ಅದರ ತಲೆಯ ಮೇಲೆ ಡೇರೆ. ಮುಂದೆ ಭಾವ ಮತ್ತು ಬೇಸಿಲ್. ಹಿಂದೆ ಅಕ್ಕ, ಮ್ಯೂರಿಯಲ್, ಮತ್ತು ಇಬ್ಬರ ನಡುವೆ ನಾನು, ಮಡಿಲಲ್ಲಿ ಅಡುಗೆಯ ಒಲೆ. ಇಡೀ ಬೀದಿ ಹೊರಗೆ ಬಂದು ಕೈ ಬೀಸಿತು. ಮಳೆಯೂ ಅಲ್ಲಿಂದಲೇ ಶುರುವಾಯಿತು, ಹಲ್ ಬಂದರಿನವರೆಗೂ ನಮ್ಮ ಜೊತೆ ಬಂದು, ನಮ್ಮೊಂದಿಗೇ ಹಡಗು ಹತ್ತಿತು.

ಹಡಗಿನಲ್ಲಿ ರಾತ್ರಿಯ ಊಟ, ಬೆಳಗಿನ ತಿಂಡಿ ಎರಡೂ ಟಿಕೆಟ್ಟಿನೊಳಗೇ ಸೇರಿದ್ದವು. ಭಾನುವಾರ ಬೆಳಗ್ಗೆ ದೊಡ್ಡ ಗಾಜಿನ ಕಿಟಕಿಯ ಪಕ್ಕದ ಮೇಜಿನಲ್ಲಿ ಅಕ್ಕನನ್ನು ಕೂರಿಸಿದರು. ಬಿಳಿ ಕೋಟಿನ ಒಬ್ಬ ಹಿರಿಯ ಮಾಣಿ ತಟ್ಟೆ ತಂದಿಟ್ಟ. ಎರಡು ಮೊಟ್ಟೆ, ಮೂರು ಬೇಕನ್ನು, ಸುಟ್ಟ ಟೊಮೇಟೊ. ವಾರದಲ್ಲಿ ಮೊದಲ ಸಲ ಅಕ್ಕನ ಮುಖದ ಗಂಟು ಸಡಿಲವಾಯಿತು. ಮೊಟ್ಟೆಯನ್ನು ಫೋರ್ಕಿನಿಂದ ಮುಟ್ಟಿ ನೋಡಿ, "ಮೆತ್ತಗಿದೆ ಕಣೋ" ಎಂದಳು. "ಇದು ಒಂದು."

ಅಷ್ಟರಲ್ಲಿ ಭಾವ ಎದ್ದು ನಿಂತಿದ್ದ. "ನಡೀರಿ ನಡೀರಿ, ಕಾರಿನ ಹತ್ರ ಹೋಗೋಣ. ನಮ್ಮಿಂದ ಹಿಂದಿನವರಿಗೆ ತಡ ಆಗ್ಬಾರ್ದು." ಹಡಗು ದಡ ಮುಟ್ಟಲು ಇನ್ನೂ ಮುಕ್ಕಾಲು ಗಂಟೆ ಇತ್ತು. ನಾವು ಐವರೂ ಕತ್ತಲು ತುಂಬಿದ ಕೆಳ ಅಂತಸ್ತಿನಲ್ಲಿ, ಪೆಟ್ರೋಲ್ ವಾಸನೆಯಲ್ಲಿ, ಕಾರಿನೊಳಗೆ ಕುಳಿತು ಆ ಮುಕ್ಕಾಲು ಗಂಟೆ ಕಳೆದೆವು. ಅಕ್ಕನ ಕೈಯಲ್ಲಿ ಅರ್ಧ ತಿಂದ ರೊಟ್ಟಿಯ ತುಂಡಿತ್ತು.

ಹಾಲೆಂಡ್‌ನಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಅದು ಭಾವನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮೊದಲ ವೃತ್ತ. 'ದಯವಿಟ್ಟು, ಮೊದಲು ನೀವು' ಎಂದು ಭಾವ ಎದುರಿನ ಲಾರಿಗೆ ಕೈಸನ್ನೆ ಮಾಡಿದ. ಲಾರಿ ಹೋಯಿತು. ಆಮೇಲೆ ಒಂದು ಬಸ್ಸು. ಆಮೇಲೆ ಸೈಕಲ್ಲುಗಳು. ಆ ದೇಶದಲ್ಲಿ ಸೈಕಲ್ಲುಗಳು ಮುಗಿಯುವುದಿಲ್ಲ. ನಲವತ್ತು ನಿಮಿಷ ನಾವು ಆ ವೃತ್ತದ ಅಂಚಿನಲ್ಲಿ ನಿಂತು ಒಂದು ಇಡೀ ಪಟ್ಟಣಕ್ಕೆ ದಾರಿ ಬಿಟ್ಟೆವು. ಕೊನೆಗೊಬ್ಬ ಪೊಲೀಸಿನವನು ಬಂದು ಕಿಟಕಿ ತಟ್ಟಿ, "ಕಾರು ಕೆಟ್ಟಿದೆಯಾ?" ಎಂದು ಕೇಳಿದ.

"ಇಲ್ಲ ಸ್ವಾಮಿ, ತುಂಬಾ ಚೆನ್ನಾಗಿದೆ, ಥ್ಯಾಂಕ್ಯೂ" ಎಂದ ಭಾವ.

"ಹಾಗಾದ್ರೆ ತಲೆ ಕೆಟ್ಟಿದೆಯಾ?"

ಮಧ್ಯಾಹ್ನ ಕಾಲುವೆಯ ಪಕ್ಕದ ಒಂದು ಹುಲ್ಲುಗಾವಲಿಗೆ ಬಂದೆವು. ಡೇರೆ ಹಾಕುವವರಿಗಾಗಿಯೇ ಅದನ್ನು ಇಟ್ಟುಕೊಂಡಿದ್ದವನು ವೌಟರ್ ಎಂಬ ಆರಡಿ ಎತ್ತರದ ರೈತ. ಆ ಜನ ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹೇಳಿಬಿಡುತ್ತಾರೆ, ಬೇರೆಯವರೂ ಹಾಗೇ ಮಾಡುತ್ತಾರೆಂದು ನಂಬುತ್ತಾರೆ. ಅವನು ನಮ್ಮನ್ನು ಕಾಲುವೆಯ ಅಂಚಿನ ತಗ್ಗಿಗೆ ಕರೆದೊಯ್ದು, "ಈ ಜಾಗ ಚೆನ್ನಾಗಿಲ್ಲ, ನೀರು ನಿಲ್ಲುತ್ತೆ. ಮೇಲೆ ಒಣ ಜಾಗ ಇದೆ. ಅಲ್ಲಿರೋ ಎರಡು ಸೈಕಲ್ ಪಕ್ಕಕ್ಕೆ ಇಡ್ಬೇಕಷ್ಟೆ. ಬೇಕಾ?" ಎಂದ.

"ಅಯ್ಯೋ, ನಮಗೋಸ್ಕರ ತೊಂದರೆ ತಗೋಬೇಡಿ. ಇದೇ ಬಹಳ ಚೆನ್ನಾಗಿದೆ" ಎಂದ ಭಾವ.

"ನಿಜವಾಗ್ಲೂ?"

"ನಿಜವಾಗ್ಲೂ" ಎಂದು ಬೇಸಿಲ್ ಮತ್ತು ಮ್ಯೂರಿಯಲ್ ಒಕ್ಕೊರಲಿನಿಂದ ಹೇಳಿದರು. ಅಷ್ಟರಲ್ಲಿ ಮ್ಯೂರಿಯಲ್‌ಳ ಪಾದ ನೀರಲ್ಲಿ ಮುಳುಗಿತ್ತು.

ವೌಟರ್ ಭುಜ ಕುಣಿಸಿ ಹೋದ. ನಾವು ಅಲ್ಲೇ ಡೇರೆ ಎತ್ತಿದೆವು. ಅದು ಹನ್ನೆರಡು ವರ್ಷದ ಹುಡುಗರಿಗೆ ಹೊಲಿದ ಡೇರೆ. ಭಾವನ ಕಾಲು ಮೊಣಕಾಲಿನಿಂದಾಚೆ ಹೊರಗೇ ಇರುತ್ತಿತ್ತು.

ಸೋಮವಾರ ಆರು ಗಂಟೆಗೆ ಅಕ್ಕ ಕೊಡೆ ಹಿಡಿದು, ಕೆಸರಿನಲ್ಲಿ ಮಂಡಿಯೂರಿ, ಒಂದೇ ಉರಿಯ ಒಲೆಯ ಮೇಲೆ ಐದು ಜನಕ್ಕೆ ತಿಂಡಿ ಮಾಡಿದಳು. ಮನೆಯಲ್ಲಿ ಮೂರು ಜನಕ್ಕೆ ಮಾಡುತ್ತಿದ್ದಳು. ಸಾಸೇಜುಗಳು ಹೊರಗೆ ಇದ್ದಿಲು, ಒಳಗೆ ಹಸಿ. ಕೊಟ್ಟ ಎರಡನ್ನು ಮ್ಯೂರಿಯಲ್ ಹೇಗೋ ನುಂಗಿ, ಕಣ್ಣಲ್ಲಿ ನೀರು ತಂದುಕೊಂಡು, "ಇಂಥ ಸಾಸೇಜು ಜನ್ಮದಲ್ಲೇ ತಿಂದಿಲ್ಲ ಐವಿ!" ಎಂದಳು. ಮಾತು ಸುಳ್ಳಲ್ಲ. ಹೊಗಳಿದ ಮೇಲೆ ಬಡಿಸದೆ ಇರಲಾಗುತ್ತದೆಯೇ? ಅಕ್ಕ ಇನ್ನೆರಡು ಹಾಕಿದಳು. ಮಂಗಳವಾರ ಬೇಸಿಲ್ ಚಹಾ ಅಮೃತದಂತಿದೆ ಎಂದ, ಕಾಲುವೆಯ ನೀರಿನ ವಾಸನೆಯ ಆ ಚಹಾ ಅವನಿಗೆ ಮೂರು ಲೋಟ ಸಿಕ್ಕಿತು. ಭಾವ ದಿನಕ್ಕೆ ನಾಲ್ಕು ಸಲ ಕೈ ಉಜ್ಜಿಕೊಂಡು, "ಇದಪ್ಪಾ ಸ್ವಾತಂತ್ರ್ಯ ಅಂದ್ರೆ!" ಎನ್ನುತ್ತಿದ್ದ. ಉಳಿದಿಬ್ಬರು "ಹೌದೌದು" ಎನ್ನುತ್ತಿದ್ದರು. ಅವರ ಹಲ್ಲು ಚಳಿಗೆ ಕಟಕಟ ಅನ್ನುತ್ತಿದ್ದುದರಿಂದ ಆ 'ಹೌದೌದು' ಬಹಳ ಉದ್ದ ಕೇಳಿಸುತ್ತಿತ್ತು.

ಅಕ್ಕ ಪಾತ್ರೆ ತೊಳೆಯುವಾಗ ಒಮ್ಮೆ ಮಾತ್ರ, "ಈ ಹೊತ್ತಿಗೆ ಆ ದಂತವೈದ್ಯನ ಹೆಂಡತಿ ಎರಡನೇ ಕಪ್ ಚಹಾ ಕುಡೀತಿರ್ತಾಳೆ" ಎಂದಳು. ನನಗೆ ಅಳು ಬಂದಂತಾಯಿತು. ಆದರೆ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ನಾನೇ ತೊಳೆಯುವುದು ನನಗೆ ಹೊಳೆಯಲಿಲ್ಲ, ಇದನ್ನೂ ಹೇಳಿಬಿಡಬೇಕು.

ಬುಧವಾರ ಬೆಳಗ್ಗೆ ನೀರು ಡೇರೆಯೊಳಗೆ ಬಂತು. ಭಾವನ ಶೂ ಒಂದು ಕಾಲುವೆಯ ಕಡೆ ಹೊರಟಿತ್ತು. ವೌಟರ್ ರಬ್ಬರ್ ಬೂಟು ಹಾಕಿಕೊಂಡು ಬಂದು, ನೀರಿನ ಮಧ್ಯೆ ನಿಂತು ಬೇಕನ್ನು ಹುರಿಯುತ್ತಿದ್ದ ಅಕ್ಕನನ್ನೂ, ಸುತ್ತ ತಟ್ಟೆ ಹಿಡಿದು ನಿಂತಿದ್ದ ನಾಲ್ವರನ್ನೂ ನೋಡಿದ.

"ಹೇಗಿದೆ?" ಎಂದ.

"ತುಂಬಾ ಚೆನ್ನಾಗಿದೆ" ಎಂದೆವು.

ಅವನಿಗೆ ಸಿಟ್ಟು ಬಂತು. "ಚೆನ್ನಾಗಿಲ್ಲ! ನನಗೆ ಕಣ್ಣಿದೆ. ಮೂರು ದಿನದಿಂದ ನೋಡ್ತಿದೀನಿ, ನಿಮ್ಮಲ್ಲಿ ಒಬ್ಬರಿಗೂ ಇಲ್ಲಿರೋಕೆ ಇಷ್ಟ ಇಲ್ಲ. ಯಾರಿಗೆ ಬರಬೇಕು ಅಂತಿತ್ತು? ಕೈ ಎತ್ತಿ!"

ಯಾರೂ ಎತ್ತಲಿಲ್ಲ. ಮಳೆ ಸುರಿಯುತ್ತಿತ್ತು. ಮ್ಯೂರಿಯಲ್ ತಟ್ಟೆಯನ್ನು ಗಂಡನ ಕೈಗಿತ್ತಳು. ಇಪ್ಪತ್ತು ವರ್ಷದಿಂದ ಕಟ್ಟಿಟ್ಟದ್ದು ಒಡೆದು ಬಂದಂತೆ, "ನಾನು ಮರ್ಯಾದೆಗೆ ಹೂಂ ಅಂದೆ! ನೀವು ಕರೆದ್ರಿ, ಬರಲ್ಲ ಅಂದ್ರೆ ನೊಂದ್ಕೋತೀರಿ ಅಂತ! ನನಗೆ ಆ ಸಾಸೇಜು ಬೇಡಾ!" ಎಂದು ಅತ್ತೇಬಿಟ್ಟಳು.

"ನಾನೂ ಮರ್ಯಾದೆಗೇ ಬಂದಿದ್ದು" ಎಂದ ಬೇಸಿಲ್, ಹೊಸದೇನೋ ಕಂಡುಹಿಡಿದವನ ಹಾಗೆ.

"ನಾನು ಕರೆದಿದ್ದೂ ಮರ್ಯಾದೆಗೆ" ಎಂದ ಭಾವ.

ವೌಟರ್ ಬಾಯಿ ತೆರೆದು ನಿಂತ. ಆಮೇಲೆ ಅಕ್ಕನ ಕಡೆ ತಿರುಗಿ, "ನೀವು? ನೀವು ಯಾಕೆ ಬಂದ್ರಿ?" ಎಂದ.

ಅಕ್ಕ ಬೇಕನ್ನನ್ನು ಮಗುಚಿ ಹಾಕಿದಳು. "ನನ್ನನ್ನ ಯಾರೂ ಕೇಳ್ಲೇ ಇಲ್ಲ" ಎಂದಳು.

ಭಾವ ಹೋಗಿ ಡೇರೆಯ ಮೊದಲ ಗೂಟ ಕಿತ್ತ.

ಅದೇ ಸಂಜೆಯ ಹಡಗಿಗೆ ಹಿಂತಿರುಗಿದೆವು. ಗುರುವಾರ ಬೆಳಗ್ಗೆ ಅಕ್ಕ ಅಂಥದೇ ಗಾಜಿನ ಕಿಟಕಿಯ ಪಕ್ಕ ಕುಳಿತಿದ್ದಳು. ಬಿಳಿ ಕೋಟಿನ ಇನ್ನೊಬ್ಬ ಮಾಣಿ ತಟ್ಟೆ ತಂದಿಟ್ಟ. ಹಲ್ ಬಂದರಿನ ಕಂಬಗಳು ಮಂಜಿನಲ್ಲಿ ಕಾಣಿಸತೊಡಗಿದವು. ಕಾರಿನವರೆಲ್ಲ ಕೆಳಗೆ ಹೋಗಬೇಕೆಂದು ಧ್ವನಿವರ್ಧಕ ಕೂಗಿತು. ಭಾವ ಚಂಗನೆ ಎದ್ದ. "ನಡೀರಿ ನಡೀರಿ!"

ಅಕ್ಕ ಏಳಲಿಲ್ಲ. ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು, ಅಂಚಿನಿಂದ ಅಂಚಿಗೆ, ನಿಧಾನವಾಗಿ.

"ಐವಿ, ಹಿಂದಿನವರಿಗೆ ತಡ ಆಗುತ್ತೆ ಕಣೇ!"

"ನೀನು ಹೋಗು ಹೊರೇಸ್. ವಾರ ಮುಗಿಯೋಕೆ ಇನ್ನೂ ಎರಡು ಬೆಳಗ್ಗೆ ಇದೆ. ಈ ಹಡಗು ಇವತ್ತು ಸಂಜೆ ಮತ್ತೆ ಹೊರಡುತ್ತೆ, ನಾಳೆ ಬೆಳಗ್ಗೆ ತಿಂಡಿ ಕೊಡ್ತಾರೆ. ನಾಳೆ ಸಂಜೆ ವಾಪಸ್ ಹೊರಡುತ್ತೆ, ಶನಿವಾರ ಬೆಳಗ್ಗೆ ತಿಂಡಿ ಕೊಡ್ತಾರೆ. ಹಡಗಿನವರ ಹತ್ರ ರಾತ್ರೀನೇ ಮಾತಾಡಿದೀನಿ. ಇಲ್ಲೇ ಕೂತಿರಿ ಅಂದಿದ್ದಾರೆ."

"ಹಾಲೆಂಡ್‌ಗಾ? ಒಬ್ಳೇನಾ? ಅಲ್ಲಿ ಇಳಿದು ಏನ್ ಮಾಡ್ತೀಯ?"

"ಯಾರು ಇಳೀತಾರೆ?" ಎಂದಳು ಅಕ್ಕ. ಆಮೇಲೆ ಪಕ್ಕಕ್ಕೆ ತಿರುಗಿ, "ಮ್ಯೂರಿಯಲ್, ನೀನೂ ಇರು. ಮರ್ಯಾದೆಗೆ ಕರೀತಿಲ್ಲ. ಇಷ್ಟ ಇದ್ರೆ ಇರು, ಇಲ್ದಿದ್ರೆ ಹೋಗು" ಎಂದಳು.

ಹಡಗೆಂದರೆ ಆಗದ ಮ್ಯೂರಿಯಲ್ ಗಂಡನ ಮುಖ ನೋಡಿದಳು. ಅವನ ಕೋಟಿನ ಮೇಲಿದ್ದ ಕೆಸರು ನೋಡಿದಳು. ಕೈಚೀಲವನ್ನು ಮೇಜಿನ ಮೇಲಿಟ್ಟು ಕುಳಿತಳು. "ನನಗೂ ಇನ್ನೊಂದು ಮೊಟ್ಟೆ ಸಿಗುತ್ತಾ?" ಎಂದು ಮಾಣಿಯನ್ನು ಕೇಳಿದಳು.

ಕೆಳಗೆ ನಮ್ಮ ಕಾರಿನ ಹಿಂದೆ ಅರವತ್ತು ಕಾರುಗಳು ಹಾರ್ನು ಬಾರಿಸುತ್ತಿದ್ದವು. ಗಂಡಸರು ಮೂವರು ಒಬ್ಬೊಬ್ಬ ಚಾಲಕನ ಹತ್ತಿರವೂ ಹೋಗಿ ಕ್ಷಮೆ ಕೇಳಿ, ಇಳಿದು, ಮನೆಗೆ ಬಂದೆವು. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗವಿತ್ತು, ಆದರೂ ನಾನು ನಡುವೆಯೇ ಕುಳಿತಿದ್ದೆ.

ಶುಕ್ರವಾರ ಬೆಳಗ್ಗೆ ಭಾವ ನನ್ನ ಕೋಣೆಯ ಬಾಗಿಲು ತಟ್ಟಿದ. ಪೈಜಾಮದಲ್ಲಿದ್ದ. ಕೈಯಲ್ಲಿ ಒಂದು ಮೊಟ್ಟೆ.

"ಸಿರಿಲ್, ಇದನ್ನ ತಣ್ಣೀರಿಗೆ ಹಾಕೋದೋ, ಬಿಸಿನೀರಿಗೋ?"

ನಲವತ್ನಾಲ್ಕು ವರ್ಷದ ನನಗೆ ಗೊತ್ತಿರಲಿಲ್ಲ. "ಬೇಸಿಲ್‌ಗೆ ಗೊತ್ತಿರುತ್ತೆ, ಕೇಳೋಣ" ಎಂದೆ.

ಹಿತ್ತಲಿಗೆ ಇಳಿದು ಬೇಲಿಯ ಹತ್ತಿರ ಹೋದೆವು. ಬೇಸಿಲ್ ಆಗಲೇ ಬೇಲಿಯಾಚೆ ನಿಂತಿದ್ದ. ಅವನ ಕೈಯಲ್ಲಿ ಬಾಣಲೆ, ಬಾಣಲೆಯಲ್ಲಿ ಎರಡು ಹಸಿ ಬೇಕನ್ನು. ಹುಬ್ಬಿನ ಒಂದು ತುದಿ ಸುಟ್ಟಿತ್ತು. ಭಾವ ಮೊಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿದ. ಬೇಸಿಲ್ ಬಾಣಲೆಯನ್ನು ಗುಲಾಬಿ ಗಿಡದ ಹಿಂದೆ ಇಳಿಸಿದ.

"ನಮಸ್ಕಾರ ಹೊರೇಸ್. ತಿಂಡಿ ಆಯ್ತಾ?"

"ಓ, ಆಯ್ತು ಆಯ್ತು. ಹೊಟ್ಟೆ ಬಿರಿಯೋಷ್ಟು. ನಿಮ್ಮದು?"

"ನಮ್ಮದೂ ಆಯ್ತು. ಸ್ವಲ್ಪ ಜಾಸ್ತೀನೇ ಆಯ್ತು."

"ಏನಾದ್ರೂ ಬೇಕಿದ್ರೆ ಸಂಕೋಚ ಇಲ್ದೆ ಕೇಳಿ ಮತ್ತೆ."

"ಛೆ ಛೆ, ನಮಗೇನು ಬೇಕು! ನಿಮಗೆ ಬೇಕಿದ್ರೆ ನೀವು ಕೇಳ್ಬೇಕು."

"ಏನೂ ಬೇಡ. ಎಲ್ಲಾ ತುಂಬಾ ಚೆನ್ನಾಗಿದೆ."

ನಾನು ಇಬ್ಬರ ಮುಖವನ್ನೂ ನೋಡಿದೆ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಬೇಸಿಲ್ ನನ್ನ ಕಡೆ ತಿರುಗಿ, "ನಿಮ್ಮದೂ ತಿಂಡಿ ಆಯ್ತಾ ಸಿರಿಲ್?" ಎಂದ.

"ಆಯ್ತು" ಎಂದೆ.

ನಮ್ಮ ನಮ್ಮ ಮನೆಗೆ ಹೋದೆವು. ಭಾವ ಮೊಟ್ಟೆಯನ್ನು ಬುಟ್ಟಿಗೆ ವಾಪಸು ಇಟ್ಟು, ಖಾಲಿ ಮೇಜಿನ ಮುಂದೆ ಕೈಕಟ್ಟಿ ಕುಳಿತ. ನಾನೂ ಎದುರಿಗೆ ಕುಳಿತೆ. ಅಕ್ಕ ಬರಲು ಇನ್ನೂ ಒಂದು ದಿನವಿತ್ತು.